ಅಜ್ಜಿಯ ಕೈಯಳತೆ

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳು ಇಂದು ಮನೆಗಳು ಒತ್ತೊತ್ತಾಗಿ ತುಂಬಿರುವ ಬಡಾವಣೆಗಳು. ಇವುಗಳ ನಡುವೆ ಹಾದುಹೋಗುವ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಾಭಿಮುಖವಾಗಿ ಸಾಗಿದರೆ ರಾಗಿ ಮತ್ತು ಅವರೆಯ ಸೀಮೆ ಎದುರಾಗುತ್ತದೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಗಿರಣಿ, ಕಾರ್ಖಾನೆ, ಕಚೇರಿಗಳ ಕೆಲಸವನ್ನರಸಿ ಮಾಗಡಿ, ಕುಣಿಗಲು, ಚನ್ನಪಟ್ಟಣ, ಮಂಡ್ಯಗಳ ಕಡೆಯಿಂದ ಬಂದ ಅನೇಕ ಕುಟುಂಬಗಳು ಈ ಬಡಾವಣೆಗಳಲ್ಲಿ ನೆಲೆಸಿದವು. ಅವರು ಹೊಲವನ್ನು ಹೊತ್ತು ತರುವಂತಿರಲಿಲ್ಲ. ಒರಳುಕಲ್ಲನ್ನೂ ಮುದ್ದೆಯ ಕೋಲನ್ನೂ ತಂದರು. ಜೊತೆಗೆ ಮನೆಯ ಅಜ್ಜಿಯನ್ನು ಕರೆತಂದರು. ಹೊಲದ ರುಚಿ ನಗರದೊಳಕ್ಕೆ ಬಂದದ್ದು ಈ ಅಜ್ಜಿಯ ಮೂಲಕ.

ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ ವಿಜಯನಗರದ ಮಾರುಕಟ್ಟೆಗೆ ಹೋದವರಿಗೆ ಅವರೆಕಾಯಿಯ ರಾಶಿ ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಮೂಗಿಗೆ ತಾಗುತ್ತದೆ. ಇದನ್ನೇ ಸೊಗಡು ಎನ್ನುವುದು. ಕಾಯಿಯ ಸಿಪ್ಪೆಯ ಮೇಲಿನ ಜಿಡ್ಡಿನಂತಹ ಪದಾರ್ಥವೇ ಈ ಪರಿಮಳಕ್ಕೆ ಮೂಲ; ಇಬ್ಬನಿ ಸುರಿಯುವ ಚಳಿಗಾಲದಲ್ಲಿ ಇದು ಅಧಿಕವಾಗುತ್ತದೆ. ಅನುಭವಿಗಳಾದ ಅಜ್ಜಿಯರು ಕಾಯನ್ನು ಕೊಳ್ಳುವ ಮುನ್ನ ಬೆರಳುಗಳ ನಡುವೆ ತಿಕ್ಕಿ ಮೂಸಿ ನೋಡುವುದು ಈ ಕಾರಣದಿಂದಲೇ. ನಾಟಿ ಅವರೆ ಹಗಲಿನ ಅವಧಿ ಕಡಿಮೆಯಾದ ಮೇಲಷ್ಟೇ ಹೂ ಬಿಡುವ ಗಿಡ. ಆದುದರಿಂದ ಮುಂಗಾರಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದರೂ ಫಲ ದೊರೆಯುವುದು ಚಳಿಗಾಲಕ್ಕೆ. ಬೆಂಗಳೂರಿನ ಕೃಷಿ ವಿಜ್ಞಾನಿಗಳು ಹೆಬ್ಬಾಳದಲ್ಲಿ ರೂಪಿಸಿದ ಹೆಬ್ಬಾಳ ಅವರೆಯ ಕೆಲವು ತಳಿಗಳು ಈ ಕಟ್ಟನ್ನು ಮುರಿದು ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ರೈತನಿಗೆ ಇದರಿಂದ ಲಾಭವುಂಟು. ಆದರೆ ಚಳಿಗಾಲದ ಸೊಗಡು ಬೇಸಿಗೆಯ ಕಾಯಿಗೆ ಬಾರದೆಂಬುದು ಅಜ್ಜಿಯರ ದೂರು. ಅದನ್ನು ಕೇವಲ ಹಠವೆಂದು ತಳ್ಳಿಹಾಕುವಂತಿಲ್ಲ.

ಸುಲಿದ ಕಾಳನ್ನು ನೀರಿನಲ್ಲಿ ನೆನೆಯಿಟ್ಟು, ಸಿಪ್ಪೆ ಸಡಿಲಗೊಂಡ ಬಳಿಕ ಒಂದೊಂದನ್ನೂ ಹೆಬ್ಬೆರಳು, ತೋರುಬೆರಳುಗಳಿಂದ ಒತ್ತಿದರೆ ಒಳಗಿನ ಬೇಳೆ ಪುಟಿದು ಹೊರಬೀಳುತ್ತದೆ. ಇದು ಹಿತುಕಿದ ಬೇಳೆ. ಸಿಪ್ಪೆಯಲ್ಲಿರುವ ಒಗರು ಇದರಿಂದ ಕಳೆಯುತ್ತದೆ, ಬೇಳೆ ಬೇಗನೆ ಬೇಯುತ್ತದೆ, ಸುಲಭವಾಗಿ ಜೀರ್ಣವಾಗುತ್ತದೆ. ಆದರೆ ಒಂದು ಹೊತ್ತಿನ ಸಾರಿಗೆ ಸಾವಿರಾರು ಕಾಳುಗಳನ್ನು ಹಿತುಕಬೇಕು! ಇಂತಹ ಅಡುಗೆಯನ್ನು ಹೊಗಳುವವರು ಅದರ ಹಿಂದಿನ ದುಡಿಮೆಯನ್ನು ಮರೆಯುವುದುಂಟು. ಹೊಗಳಿಕೆ ಊಟದ ಎಲೆಯ ಮುಂದಿನಿಂದ ಬರುತ್ತದೆ. ಒಲೆಯ ಮುಂದಿನಿಂದ ಬರುವುದು ಅಪರೂಪ. ಇಂದು ಹಿತುಕಿದ ಬೇಳೆಯೇ ನಗರದಲ್ಲಿ ಮಾರಾಟಕ್ಕೆ ದೊರೆಯುತ್ತಿರುವುದರಿಂದ ಮನೆಯ ಹೆಂಗಸರ ಭಾರ ಎಷ್ಟೋ ಇಳಿದಿದೆ. ಇದಕ್ಕಾಗಿ ವಿಷಾದಪಡಬೇಕಾದುದೇನೂ ಇಲ್ಲ.

ಈ ಸಾರಿಗೆ ಜೊತೆಯಾಗುವುದು ರಾಗಿಯ ಮುದ್ದೆ. ಗೋಧಿಯ ಹಿಟ್ಟಿನಲ್ಲಿರುವ ಅಂಟು ರಾಗಿಯಲ್ಲಿಲ್ಲ. ಹಾಗಾಗಿ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಎಷ್ಟು ನಾದಿದರೂ ಅದು ಹಿಡಿತಕ್ಕೆ ಬಾರದು. ಅದರ ಪಿಷ್ಟ ಬಿಸಿನೀರಿನಲ್ಲಿ ಉಬ್ಬಿ ಬೆಂದಾಗಲೇ ಕಣಗಳು ಒಂದಕ್ಕೊಂದು ಅಂಟುತ್ತವೆ. ಮೊದಲು ಒಂದಿಷ್ಟು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕುತ್ತಾರೆ. ಅದು ಮರಳಿದಾಗ ಉಳಿದ ಹಿಟ್ಟನ್ನು ಗೋಪುರದಂತೆ ಸುರಿದು, ಕದಡದೆ ಬೇಯಲು ಬಿಡುತ್ತಾರೆ. ಹೊಸದಾಗಿ ಕಲಿಯುವವರು ತಪ್ಪುವುದು ಇಲ್ಲಿಯೇ. ಅವಸರಪಟ್ಟು ಕೋಲಾಡಿಸಿದರೆ ಹಿಟ್ಟು ಗಂಟುಗಟ್ಟುತ್ತದೆ, ಒಳಗೆ ಹಸಿ ಉಳಿಯುತ್ತದೆ. ಹದ ತಿಳಿಯಲು ಅಜ್ಜಿ ಬೆರಳನ್ನು ನೀರಿನಲ್ಲಿ ಅದ್ದಿ ಹಿಟ್ಟನ್ನು ಮುಟ್ಟುತ್ತಾಳೆ. ಬೆರಳಿಗೆ ಅಂಟದಿದ್ದರೆ ಬೆಂದಿದೆಯೆಂದು ಅರ್ಥ.

ರಾಗಿ ಈ ನೆಲದ ಆದಿಧಾನ್ಯವೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಅದರ ತೌರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಸಹಸ್ರಾರು ವರ್ಷಗಳ ಹಿಂದೆ ಅದು ಭಾರತಕ್ಕೆ ಬಂದಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಅಧಿಕ ಇಳುವರಿಯ ತಳಿಗಳನ್ನು ಸೃಷ್ಟಿಸಿದರು. ಆ ತಳಿಗಳ ಇಂಡಾಫ್ ಎಂಬ ಹೆಸರಿನಲ್ಲಿಯೇ ಎರಡು ನಾಡುಗಳ ನಂಟು ಅಡಗಿದೆ. ಬಡವರ ಅನ್ನವೆಂದು ರಾಗಿಯನ್ನು ಕೀಳಾಗಿ ಕಂಡ ಕಾಲವೂ ಇತ್ತು. ಭತ್ತಕ್ಕೂ ರಾಗಿಗೂ ನಡೆದ ವಾದದಲ್ಲಿ ರಾಗಿಯನ್ನೇ ಗೆಲ್ಲಿಸಿ ಕನಕದಾಸರು ರಾಮಧಾನ್ಯ ಚರಿತೆಯನ್ನು ಬರೆದುದು ಸುಮ್ಮನೆ ಅಲ್ಲ. ಆಹಾರಶಾಸ್ತ್ರದ ಲೆಕ್ಕವೂ ಕನಕದಾಸರ ಪಕ್ಷದಲ್ಲಿದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂನ ಆಸುಪಾಸು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಗರದ ಜನ ಎಚ್ಚೆತ್ತರು. ಮಾಗಡಿಯ ಅಜ್ಜಿಗೆ ಅದು ಹೊಸ ಸುದ್ದಿಯೇನೂ ಆಗಿರಲಿಲ್ಲ.

ಎಳೆಯ ಮಕ್ಕಳಿಗೆ ಉಣಿಸುವ ರಾಗಿ ಸರಿಯಲ್ಲಿ ಅಜ್ಜಿಯ ಅರಿವು ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸುತ್ತಾರೆ. ಮೊಳೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುತ್ತವೆ. ಸಾಮಾನ್ಯ ಹಿಟ್ಟಿನ ಗಂಜಿಯನ್ನು ಮಗು ನುಂಗುವಷ್ಟು ತೆಳುವಾಗಿಸಲು ಬಹಳ ನೀರು ಬೆರೆಸಬೇಕು. ಆಗ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆಯ ಹಿಟ್ಟಾದರೋ ಹೆಚ್ಚು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆ. ಕಬ್ಬಿಣ, ಸುಣ್ಣಗಳನ್ನು ದೇಹಕ್ಕೆ ದಕ್ಕದಂತೆ ಹಿಡಿದಿಡುವ ಫೈಟಿಕ್ ಆಮ್ಲವೂ ಮೊಳಕೆಯಿಂದ ಕಡಿಮೆಯಾಗುತ್ತದೆ. ಕಿಣ್ವವೆಂಬ ಪದ ಅಜ್ಜಿಗೆ ತಿಳಿಯದು. ಅದರ ಕೆಲಸ ತಿಳಿದಿತ್ತು.

ಕನ್ನಡದಲ್ಲಿ ಪಾಕಶಾಸ್ತ್ರವನ್ನು ಬರೆದವರಿಲ್ಲವೆಂದಲ್ಲ. 1025ರ ಸುಮಾರಿನ ಲೋಕೋಪಕಾರದಲ್ಲಿ ಅಡುಗೆಯ ವಿಚಾರವಿದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನೇ ರಚಿಸಿದನು. ಇವೆಲ್ಲ ವಿದ್ವಾಂಸರ ಕೃತಿಗಳು. ದಿನದಿನದ ಒಲೆಯ ಮುಂದೆ ನಿಂತವಳ ಅರಿವು ಮಾತ್ರ ಓಲೆಗರಿಗೆ ಏರಲಿಲ್ಲ. ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ಕೈಯಿಂದ ಕೈಗೆ ದಾಟಿ ಬಂದಿತು. ಮೊಮ್ಮಕ್ಕಳು ಬೇರೆ ಊರಿಗೋ ದೇಶಕ್ಕೋ ಹೊರಟು ನಿಂತಾಗ ಈ ಸರಪಳಿ ತುಂಡಾಗುತ್ತದೆ. ಉಪ್ಪು ಎಷ್ಟೆಂದು ದೂರವಾಣಿಯಲ್ಲಿ ಕೇಳಿದರೆ ಬರುವ ಉತ್ತರ ‘ಬೇಕಾದಷ್ಟು’ ಎಂಬುದೊಂದೇ.

ಕೆಲವು ಮನೆಗಳಲ್ಲಿ ಮೊಮ್ಮಕ್ಕಳು ಇದಕ್ಕೊಂದು ಉಪಾಯ ಹೂಡುತ್ತಾರೆ. ಅಜ್ಜಿಯ ಮುಷ್ಟಿಯಿಂದ ಹಿಟ್ಟು ಪಾತ್ರೆಗೆ ಬೀಳುವ ಮುನ್ನವೇ ತಕ್ಕಡಿ ಹಿಡಿದು ತೂಗಿ ಬರೆದುಕೊಳ್ಳುತ್ತಾರೆ. ಇಂದಿನ ತೂಕಕ್ಕೂ ನಾಳಿನ ತೂಕಕ್ಕೂ ಹೊಂದಿಕೆಯಾಗದೆ ಗೊಂದಲಕ್ಕೀಡಾಗುತ್ತಾರೆ. ಅಜ್ಜಿಯ ಕೈ ತಪ್ಪಿದ್ದಲ್ಲ. ಹಿಟ್ಟು ಎಷ್ಟು ನೀರು ಕುಡಿಯುವುದೆಂಬುದು ಅದು ನುಣ್ಣಗೆ ಬೀಸಿದ್ದೋ ತರಿಯಾಗಿ ಬೀಸಿದ್ದೋ, ಹಸಿಯೋ ಒಣಗಿದ್ದೋ ಎಂಬುದನ್ನು ಅವಲಂಬಿಸುತ್ತದೆ. ಎಳೆಯ ಅವರೆಗೂ ಬಲಿತ ಅವರೆಗೂ ಬೇಯುವ ಹೊತ್ತು ಬೇರೆ. ಅವಳು ಅಳೆಯುತ್ತಿದ್ದುದು ಪದಾರ್ಥವನ್ನಲ್ಲ, ಹದವನ್ನು. ಆದುದರಿಂದ ಜಾಣರಾದ ಮೊಮ್ಮಕ್ಕಳ ಪುಸ್ತಕದಲ್ಲಿ ತೂಕದ ಪಕ್ಕದಲ್ಲಿಯೇ ಬೇರೆ ಬಗೆಯ ಟಿಪ್ಪಣಿಗಳೂ ಸೇರಿಕೊಂಡಿರುತ್ತವೆ: ಸಾಸಿವೆಯ ಸದ್ದು ನಿಂತ ಮೇಲೆ ಕರಿಬೇವು, ಮಸಾಲೆಯ ಹಸಿವಾಸನೆ ಹೋಗುವವರೆಗೆ ಕುದಿ, ಒದ್ದೆ ಬೆರಳಿಗೆ ಹಿಟ್ಟು ಅಂಟಬಾರದು.