ನಿಮಗಿದು ಗೊತ್ತೆ? ಪರದೆಯ ಮೇಲಿನ ಪ್ರಕೃತಿ

ಕುರುಂದವಾಡದ ಬಳಿ ಕೃಷ್ಣೆಯನ್ನು ಸೇರುವ ಪಂಚಗಂಗೆಯ ಮೇಲ್ದಂಡೆಯಲ್ಲಿರುವ ಕೊಲ್ಹಾಪುರವು ಬಟ್ಟೆಯ ಮೇಲೆ ನಿಸರ್ಗವನ್ನು ಬರೆಯುವ ಕಲೆಗೆ ಶತಮಾನದ ಹಿಂದೆಯೇ ಹೆಸರಾಗಿತ್ತು. 1890ರಲ್ಲಿ ಇಲ್ಲಿ ಜನಿಸಿದ ಬಾಬುರಾವ್ ಮೇಸ್ತ್ರಿ ಮತ್ತು ಅವರ ದಾಯಾದಿ ಸಹೋದರ ಆನಂದರಾವ್ ಅವರು 1910ರಿಂದ 1916ರವರೆಗೆ ಸಂಗೀತ ನಾಟಕ ಮಂಡಳಿಗಳಿಗೆ ರಂಗಪರದೆಗಳನ್ನು, ಅಂದರೆ ನಟರ ಹಿಂದೆ ಇಳಿಬಿಡುವ ದೃಶ್ಯಚಿತ್ರಗಳನ್ನು, ಬರೆದು ಪಶ್ಚಿಮ ಭಾರತದಲ್ಲೆಲ್ಲ ಪ್ರಸಿದ್ಧರಾದರು. ‘ಪೇಂಟರ್’ ಎಂಬ ಹೆಸರು ಬಾಬುರಾವ್ ಅವರಿಗೆ ಈ ವೃತ್ತಿಯಿಂದಲೇ ಬಂದಿತು.

ಇಂತಹ ಪರದೆಗಳಲ್ಲಿ ಹತ್ತಿರದ ಕಂಬ, ಕಮಾನು, ಕಿಟಕಿಗಳನ್ನು ದೊಡ್ಡದಾಗಿ ಕಡುಬಣ್ಣದಲ್ಲಿ ಬರೆದು, ಅವುಗಳಾಚೆಯ ಮರ, ಹೊಳೆ, ಬೆಟ್ಟಗಳನ್ನು ಕ್ರಮೇಣ ಕಿರಿದಾಗಿಸುತ್ತ ತೆಳುನೀಲಿಗೆ ತಿರುಗಿಸುವ ರೂಢಿಯಿತ್ತು. ಪರಿಪ್ರೇಕ್ಷ್ಯ ಎನಿಸುವ ಈ ಕ್ರಮದಿಂದ ಸಪಾಟು ಬಟ್ಟೆಯೂ ಆಳವುಳ್ಳ ಬಯಲಾಗಿ ಕಾಣುತ್ತಿತ್ತು.

ನಿಸರ್ಗಚಿತ್ರಣವು ರಂಗಪರದೆಗಷ್ಟೇ ಸೀಮಿತವಾಗಿರಲಿಲ್ಲ: ಕೊಲ್ಹಾಪುರದ ಶಾಹು ಮಹಾರಾಜರ ಆಸ್ಥಾನ ಚಿತ್ರಕಾರರಾಗಿದ್ದ ಅಬಾಲಾಲ್ ರಹಿಮಾನ್ (ನಿಧನ 1931) ಅವರು ಅದೇ ಊರಿನ ಕೋಟಿತೀರ್ಥ ಕೆರೆಯ ಪರಿಸರದಲ್ಲಿ ನೆಲೆಸಿ, ಹೊತ್ತು ಬದಲಾದಂತೆ ಬದಲಾಗುವ ನೀರು, ಮರ, ಬೆಳಕುಗಳನ್ನು ಮತ್ತೆ ಮತ್ತೆ ಚಿತ್ರಿಸಿದರು. ಬಾಬುರಾವ್ ಅವರು ಮುಂದೆ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿ, 1920ರಲ್ಲಿ ‘ಸೈರಂಧ್ರಿ’ ಎಂಬ ಮೂಕಿಚಿತ್ರವನ್ನು ತೆರೆಗೆ ತಂದುದರಿಂದ, ರಂಗಪರದೆಯ ಮೇಲೆ ಪಳಗಿದ ಕುಂಚದ ಅನುಭವವು ಚಲನಚಿತ್ರಕ್ಕೂ ಬಂದಿತು.