ಹಳೇ ಜೀಪಿನ ಶಬ್ದ ಎಲ್ಲಿಂದ?

ಮಲೆನಾಡಿನ ಬೆಳೆಗಾರನಿಗೆ ಜೀಪು ಶೋಕಿಯ ವಸ್ತುವಲ್ಲ. ಕೊಳೆರೋಗದ ಮದ್ದು ಹೊಡೆಯುವ ಕಾಲಕ್ಕೆ ಬೋರ್ಡೋ ದ್ರಾವಣದ ಡ್ರಮ್ಮು, ಗೊಬ್ಬರದ ಮೂಟೆ, ಕೊನೆಕೊಯ್ಲಿನ ಅಡಿಕೆ, ಕಾಫಿ ಹಣ್ಣು, ಕುಯ್ಲಿನ ಆಳುಗಳು, ರಾತ್ರೋರಾತ್ರಿ ಆಸ್ಪತ್ರೆಗೆ ಹೊರಟ ಬಾಣಂತಿ, ಎಲ್ಲವನ್ನೂ ಹೊತ್ತದ್ದು ಅದೇ. ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು ಸ್ವಾತಂತ್ರ್ಯ ಬಂದ ಹೊಸತರಲ್ಲಿ. 1980ರ ದಶಕದ ಮಧ್ಯಭಾಗದಲ್ಲಿ ಎಂ.ಎಂ. 540 ಬಂತು, 1985ರ ಕೊನೆಗೆ ಮಾರುತಿಯ ಜಿಪ್ಸಿಯೂ ಬಂತು. ಇವುಗಳ ತಯಾರಿಕೆ ನಿಂತಿದ್ದರೂ ನಮ್ಮ ತೋಟದ ರಸ್ತೆಗಳಲ್ಲಿ ಅವು ನಿಂತಿಲ್ಲ. ಎರಡನೆಯ, ಮೂರನೆಯ, ಕೆಲವೊಮ್ಮೆ ಐದನೆಯ ಕೈಗೆ ಬಂದು ದುಡಿಯುತ್ತಲೇ ಇವೆ.

ಹೀಗೆ ಕೈ ಬದಲಾಗುವ ಗಾಡಿಯೊಂದಿಗೆ ಒಂದು ಶಬ್ದವೂ ಬರುತ್ತದೆ. ವಿಚಾರಿಸಿದರೆ ಮಾರುವವರ ಉತ್ತರ ಒಂದೇ: “ಅದು ಬಾಡಿ ಸೌಂಡು ಸ್ವಾಮೀ, ಏನೂ ಆಗಲ್ಲ.” ಇರಲೂಬಹುದು. ಆದರೆ ಇಲ್ಲದಿದ್ದರೆ ಏನಾದೀತೆಂಬುದನ್ನು ನಮ್ಮ ಸದಸ್ಯರೊಬ್ಬರ ಜೀಪು ನಮಗೆ ತೋರಿಸಿದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಅಡಿಕೆ ಮಾರಿದ ಹಣದಲ್ಲಿ ಕೊಂಡ ಹಳೆಯ ಜೀಪು ಅದು. ಇಂಜಿನ್ನು ಚೆನ್ನಾಗಿತ್ತು, ಹೊಗೆ ಇರಲಿಲ್ಲ. ಆದರೆ ಹಿಂದಿನಿಂದ ಆಗಾಗ್ಗೆ ‘ಟಕ್’ ಎಂದು ಒಂದೇ ಒಂದು ಪೆಟ್ಟು. ಒಬ್ಬ ಮೆಕ್ಯಾನಿಕ್ಕು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬದಲಿಸಿದರು. ಇನ್ನೊಬ್ಬರು ಗೇರ್ ಬಾಕ್ಸಿನ ಮೌಂಟಿಂಗ್ ರಬ್ಬರು, ಶಾಕ್ ಅಬ್ಸಾರ್ಬರಿನ ಬುಷ್ಷು ಹಾಕಿದರು. ಶಬ್ದ ಇದ್ದಲ್ಲೇ ಇತ್ತು. ಮೂರನೆಯವರು ಹಿಂದಿನ ಹೌಸಿಂಗ್ ಬಿಚ್ಚಿ ಕ್ರೌನ್ ಪಿನಿಯನ್ ಬದಲಿಸಬೇಕೆಂದಾಗ ಸದಸ್ಯರು ಖರ್ಚಿಗೆ ಹೆದರಿ ನಮ್ಮಲ್ಲಿಗೆ ಬಂದರು. ಆ ಜೀಪಿನಲ್ಲಿ ದಿನವೂ ಎಂಟು ಹತ್ತು ಆಳುಗಳು ಇಳಿಜಾರಿನ ಮಣ್ಣುರಸ್ತೆಯಲ್ಲಿ ಓಡಾಡುತ್ತಿದ್ದರು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ.

ಶಬ್ದ ಎಲ್ಲಿಂದ ಎಂದು ಕೇಳುವ ಮೊದಲು ಯಾವಾಗ ಎಂದು ಕೇಳಬೇಕು. ಜೀಪಿನಡಿಯಲ್ಲಿ ಶಬ್ದ ಕಬ್ಬಿಣದ ಮೂಲಕ ಓಡುತ್ತದೆ. ಮುಂದೆ ಹುಟ್ಟಿದ್ದು ಹಿಂದಿನ ಸೀಟಿನಡಿ ಕೇಳಿಸುವುದುಂಟು. ಕಿವಿಯನ್ನು ನಂಬಿ ಭಾಗ ಬದಲಿಸಲು ಹೊರಟರೆ ಹಣ ಹೋಗುತ್ತದೆ. ನಿಂತಲ್ಲೇ ಇಂಜಿನ್ ಜೋರು ಮಾಡಿದಾಗ ಶಬ್ದ ಬರುವುದಾದರೆ ಅದು ಇಂಜಿನ್, ಕ್ಲಚ್ಚು, ಸೈಲೆನ್ಸರುಗಳ ಪೈಕಿಯದು. ಗಾಡಿ ಉರುಳುವಾಗ ಮಾತ್ರ ಬರುವುದಾದರೆ ಸಮತಟ್ಟಾದ ಜಾಗದಲ್ಲಿ ಗಾಲಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ನಡಿಗೆಯ ವೇಗದಲ್ಲಿ ಓಡಿಸಿ, ಒಬ್ಬರು ಪಕ್ಕದಲ್ಲಿ ನಡೆದು ಎಣಿಸಬೇಕು. ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಶಬ್ದ ಒಂದು ಸಲ ಬಂದರೆ ಗಾಲಿ, ಬ್ರೇಕ್ ಡ್ರಮ್ಮು, ಆಕ್ಸಲ್‌ಗಳಲ್ಲಿ ಹುಡುಕಿ. ನಾಲ್ಕೈದು ಸಲ ಬಂದರೆ ಪ್ರೊಪೆಲ್ಲರ್ ಶಾಫ್ಟು ಮತ್ತು ಕ್ರಾಸ್. ಏಕೆಂದರೆ ಈ ಜೀಪುಗಳಲ್ಲಿ ಗಾಲಿ ಒಮ್ಮೆ ತಿರುಗಲು ಶಾಫ್ಟು ಅಷ್ಟು ಸಲ ತಿರುಗಬೇಕು. ಖರ್ಚಿಲ್ಲದ ಈ ಲೆಕ್ಕವನ್ನು ಎಷ್ಟೋ ಗ್ಯಾರೇಜುಗಳಲ್ಲೂ ಮಾಡುವುದಿಲ್ಲ.

ಗುಂಯ್‌ಗುಡುವ ಶಬ್ದದ ರೀತಿ ಬೇರೆ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾಗಿ, ಬಿಟ್ಟೊಡನೆ ಸ್ವರ ಬದಲಾದರೆ ಕ್ರೌನ್ ಪಿನಿಯನ್ನಿನ ಮೇಲೆ ಸಂಶಯಪಡಬಹುದು. ಒತ್ತಿದರೂ ಬಿಟ್ಟರೂ ಒಂದೇ ಆಗಿದ್ದು, ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಏರಿಳಿದರೆ ಗಾಲಿಯ ಬೇರಿಂಗು. ಡಾಂಬರಿನಲ್ಲಿ ಮೊರೆದು ಮಣ್ಣಿನಲ್ಲಿ ಸುಮ್ಮನಾದರೆ ಅದು ದಪ್ಪ ಹಲ್ಲಿನ ಟಯರಿನ ಶಬ್ದ. ಅದಕ್ಕೆ ಮದ್ದಿಲ್ಲ, ಬೇಕಾಗಿಯೂ ಇಲ್ಲ. ಮುಂದಿನ ಗಾಲಿಗೆ ಫ್ರೀ ವೀಲಿಂಗ್ ಹಬ್ ಇದ್ದವರು ಅದನ್ನು ಬಿಡಿಸಿ ಒಮ್ಮೆ ಓಡಿಸಿ ನೋಡಲಿ. ಆಗ ಮುಂದಿನ ಶಾಫ್ಟು ತಿರುಗದೆ ನಿಲ್ಲುತ್ತದೆ. ಶಬ್ದವೂ ನಿಂತರೆ ಹುಡುಕುವ ಜಾಗ ಅರ್ಧಕ್ಕಿಳಿಯಿತು. ಹಬ್ ಇಲ್ಲದ ಹಳೆಯ ಜೀಪುಗಳಲ್ಲಿ ಫೋರ್ ವೀಲ್ ಹಾಕದಿದ್ದರೂ ಮುಂದಿನ ಶಾಫ್ಟು ಸದಾ ತಿರುಗುತ್ತಿರುತ್ತದೆ. ಆದುದರಿಂದ ‘ಫೋರ್ ವೀಲ್ ಹಾಕೇ ಇಲ್ಲ, ಮುಂದೆ ಸವೆಯುವುದು ಹೇಗೆ’ ಎಂಬ ವಾದ ನಿಲ್ಲುವುದಿಲ್ಲ.

ದೋಷವೇ ಅಲ್ಲದ ಒಂದು ಶಬ್ದವೂ ಇದೆ. ಈ ಜೀಪುಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದಾರಿ ಸವೆಸಬೇಕು. ಕೆಸರಿನಲ್ಲಿ ಗಾಲಿ ಸ್ವಲ್ಪ ಜಾರಿ ಈ ವ್ಯತ್ಯಾಸ ತೀರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಅವಕಾಶವಿಲ್ಲದೆ ಶಾಫ್ಟುಗಳು ತಿರುಚಿಕೊಂಡು, ಸ್ಟೇರಿಂಗ್ ಬಿಗಿಯಾಗಿ, ಕಡೆಗೆ ‘ಧಡಕ್’ ಎಂದು ಬಿಡಿಸಿಕೊಳ್ಳುತ್ತವೆ. ಲಿವರ್ ಕಚ್ಚಿಕೊಂಡು ಬಾರದಿದ್ದರೆ ಸುತ್ತಿಗೆ ಹುಡುಕಬೇಡಿ. ನೇರವಾಗಿ ನಾಲ್ಕು ಅಡಿ ಹಿಂದಕ್ಕೆ ತೆಗೆದರೆ ತಾನಾಗಿ ಸಡಿಲವಾಗುತ್ತದೆ. ಮುಂದೆ ಹೊಸ ಟಯರು, ಹಿಂದೆ ಸವೆದ ಟಯರು ಹಾಕಿದವರಿಗೆ ನೇರ ರಸ್ತೆಯಲ್ಲೂ ಇದೇ ಕಾಟ.

ನಮ್ಮ ಸದಸ್ಯರ ಜೀಪು ಈ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಗೆರೆ ಎಳೆದು ಎಣಿಸಿದರೆ ಶಬ್ದವೇ ಬರಲಿಲ್ಲ. ಕಣದಲ್ಲಿ ಹತ್ತು ಸುತ್ತು ಹೊಡೆದರೂ ಗಾಡಿ ಮೌನ. ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಇಂಜಿನ್ ನಿಲ್ಲಿಸಿ, ಗೇರು ಬಿಡಿಸಿ ಶಾಫ್ಟನ್ನು ಕೈಯಿಂದ ತಿರುಚಿ ನೋಡಿದೆವು; ಕ್ರಾಸಿನಲ್ಲಿ ಸಡಿಲವಿರಲಿಲ್ಲ. ಹೌಸಿಂಗಿನ ಎಣ್ಣೆ ಇಳಿಸಿ ಬೆರಳಿಗೆ ಹಚ್ಚಿ ನೋಡಿದೆವು. ಕಬ್ಬಿಣದ ಚೂರಿಲ್ಲ, ನೀರು ಸೇರಿ ಮಜ್ಜಿಗೆಯಂತಾಗಿರಲೂ ಇಲ್ಲ. (ಹಳ್ಳ ದಾಟುವ ಜೀಪುಗಳಲ್ಲಿ ಹೌಸಿಂಗಿನ ಬ್ರೀದರ್ ಕೆಸರು ಕಟ್ಟಿ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರು ಒಳಗೆಳೆಯುವುದುಂಟು, ಮಳೆಗಾಲ ಮುಗಿದೊಡನೆ ನೋಡಿಕೊಳ್ಳಿ.) ಕ್ರೌನ್ ಪಿನಿಯನ್ ಬದಲಿಸಲು ಕಾರಣವೇ ಕಾಣಲಿಲ್ಲ.

ಅಲ್ಲೇ ನಿಂತಿದ್ದ ಹಳೆಯ ಡ್ರೈವರೊಬ್ಬರು, “ಖಾಲಿ ಗಾಡಿ ಓಡ್ಸಿ ಏನು ಪ್ರಯೋಜನ ಅಯ್ಯಾ? ಅದು ಕೂಗೋದು ಭಾರ ಹೊತ್ತಾಗ ಅಲ್ವಾ?” ಎಂದರು. ಸರಿಯೆನಿಸಿತು. ಸದಸ್ಯರನ್ನು ಮತ್ತೆ ಕೇಳಲಾಗಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಒಂದು ಸಲ, ಏರಿನಲ್ಲಿ ಮೊದಲ ಗೇರಿನಲ್ಲಿ ಹೊರಟಾಗ ಒಂದು ಸಲ, ಅದೂ ಆಳು ಅಥವಾ ಮೂಟೆ ಇದ್ದಾಗ ಮಾತ್ರ ಎಂದು ನೆನಪಿಸಿಕೊಂಡರು. ಬ್ರೇಕ್ ಹಿಡಿದಾಗ ಗಾಡಿ ಕೊಂಚ ಎಡಕ್ಕೆ ಎಳೆಯುತ್ತದೆಂಬುದೂ ಆಗಲೇ ಹೊರಬಂತು.

ಗೊಬ್ಬರದ ಮೂಟೆ ಹೇರಿಸಿದೆವು. ಡ್ರೈವರು ಗಾಡಿಯನ್ನು ಒಂದು ಮಾರು ಮುಂದೆ, ಒಂದು ಮಾರು ಹಿಂದೆ ತಂದು ಬ್ರೇಕ್ ಹಿಡಿಯುತ್ತ ಹೋದರು. ನಾವು ಎರಡೂ ಪಕ್ಕದಲ್ಲಿ, ದೂರದಲ್ಲಿ, ಕುಕ್ಕರಗಾಲಿನಲ್ಲಿ ಕುಳಿತು ಗಾಲಿಯ ಒಳಬದಿಯನ್ನು ನೋಡಿದೆವು. ಬಲಗಡೆ ಏನೂ ಇಲ್ಲ. ಎಡಗಡೆ ಶಬ್ದ ಬಂದ ಕ್ಷಣದಲ್ಲೇ ಹೌಸಿಂಗ್ ಕಮಾನು ಪಟ್ಟಿಯ ಮೇಲೆ ಸರಿದದ್ದು ಕಣ್ಣಿಗೆ ಕಂಡಿತು. ಸಂಶಯ ಪರಿಹಾರಕ್ಕೆ ಸ್ಟೇರಿಂಗ್ ನೇರ ಮಾಡಿ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಹುರಿ ಹಿಡಿದು ಎರಡೂ ಪಕ್ಕ ಅಳೆದೆವು. ಎಡಕ್ಕೂ ಬಲಕ್ಕೂ ಒಂದು ಬೆರಳು ದಪ್ಪ ವ್ಯತ್ಯಾಸ.

ಪಟ್ಟಿಗಳ ನಡುವೆ ಒಂದು ತೂತಿದ್ದು ಅದರಲ್ಲಿ ಸೆಂಟರ್ ಬೋಲ್ಟ್ ಇರುತ್ತದೆ. ಅದರ ತಲೆ ಹೌಸಿಂಗಿನ ಕುಳಿಯಲ್ಲಿ ಕೂತು ಜಾಗ ಹಿಡಿದಿರುತ್ತದೆ. ಆದರೆ ಎಳೆತವನ್ನು ತಾಳುವ ಕೆಲಸ ಅದರದಲ್ಲ, ಎರಡು ಯು-ಬೋಲ್ಟುಗಳ ಬಿಗಿತದ್ದು. ಬಿಗಿತ ಹೋದರೆ ಏಟೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗುತ್ತದೆ. ಬಿಚ್ಚಿದಾಗ ಬೋಲ್ಟು ಎರಡು ತುಂಡು, ಕುಳಿ ಮೊಟ್ಟೆಯಾಕಾರಕ್ಕೆ ಸವೆದಿತ್ತು. ಯು-ಬೋಲ್ಟಿನ ಬುಡದಲ್ಲಿ ಕಾವಿಯಂತಹ ಕೆಂಪು ಹುಡಿ. ಕಬ್ಬಿಣ ಕಬ್ಬಿಣವನ್ನು ಉಜ್ಜಿದಲ್ಲಿ ಈ ಹುಡಿ ಬರುತ್ತದೆ. ಹಳೆ ಜೀಪು ಕೊಳ್ಳುವವರು ಬಗ್ಗಿ ನೋಡಬೇಕಾದ ಮೊದಲ ಗುರುತು ಇದೇ ಎಂಬುದು ನಮ್ಮ ಅಭಿಪ್ರಾಯ.

ನಟ್ಟುಗಳು ಮಾತ್ರ ಗಟ್ಟಿಯಾಗಿಯೇ ಇದ್ದವು! ಮೂವರು ಮೆಕ್ಯಾನಿಕ್ಕುಗಳೂ ಸ್ಪ್ಯಾನರ್ ಹಾಕಿ ನೋಡಿ ಸರಿ ಎಂದಿರಬೇಕು. ನೋಡಲಾಗಿ, ಹಿಂದೆ ಯಾರೋ ಪಟ್ಟಿ ಬದಲಿಸಿದಾಗ ಮೂಲದ್ದಕ್ಕಿಂತ ತೆಳುವಾದ ಪಟ್ಟಿ ಸೇರಿಸಿ ಹಳೆಯ ಯು-ಬೋಲ್ಟನ್ನೇ ಹಾಕಿದ್ದರು. ಮರೆ ಇದ್ದಷ್ಟೂ ನಟ್ಟು ಇಳಿದು, ಮರೆ ಮುಗಿದಲ್ಲಿ ಕಚ್ಚಿ ನಿಂತಿತ್ತು. ಪಟ್ಟಿಯನ್ನು ಒತ್ತಿರಲೇ ಇಲ್ಲ. ತುಂಬಿದ ಗಾಡಿ ಇಳಿಜಾರಿನಲ್ಲಿರುವಾಗ ಹೌಸಿಂಗ್ ಇನ್ನಷ್ಟು ಓರೆಯಾಗಿದ್ದರೆ ಹಿಂದಿನ ಗಾಲಿಗಳೇ ಗಾಡಿಯನ್ನು ತಿರುಗಿಸುತ್ತಿದ್ದವು, ಬ್ರೇಕಿನ ಹೋಸ್ ಎಳೆದು ಹರಿಯಲೂಬಹುದಿತ್ತು. ಸೆಂಟರ್ ಬೋಲ್ಟಿನ ಬೆಲೆ, ಅದುವರೆಗೆ ಬದಲಿಸಿದ ಭಾಗಗಳ ಮುಂದೆ ಏನೂ ಅಲ್ಲ.

ರಿಪೇರಿಗೆ ಕೈ ಹಾಕುವವರಿಗೆ ಒಂದು ಎಚ್ಚರಿಕೆ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಗಾಲಿಯನ್ನಲ್ಲ, ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದೊಡನೆ ಆ ಗಾಲಿ ಸುತ್ತಲು ಸ್ವತಂತ್ರವಾಗಿ, ಬ್ರೇಕ್ ಎಳೆದಿದ್ದರೂ ಗಾಡಿ ಉರುಳಬಲ್ಲದು. ಟ್ರಾನ್ಸ್‌ಫರ್ ಕೇಸಿನ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಗೇರಿನಲ್ಲಿ ನಿಲ್ಲಿಸಿದ್ದೂ ವ್ಯರ್ಥ. ಮಿಕ್ಕ ಗಾಲಿಗಳಿಗೆ ಕಲ್ಲು, ಚಾಸಿಗೆ ಗಟ್ಟಿ ಮರದ ದಿಮ್ಮಿ ಕೊಡದೆ ಯಾರೂ ಅಡಿಗೆ ಹೋಗಬಾರದು.

ಆ ಜೀಪಿಗೆ ಸರಿಯಾದ ದಪ್ಪದ ಪಟ್ಟಿ, ಹೊಸ ಸೆಂಟರ್ ಬೋಲ್ಟು, ನಾಲ್ಕು ಹೊಸ ಯು-ಬೋಲ್ಟು ಹಾಕಿಸಿ, ಸವೆದ ಕುಳಿಯನ್ನು ವೆಲ್ಡ್ ಮಾಡಿಸಿ ಸರಿಪಡಿಸಿದ್ದಾಯಿತು. ಹೊಸ ಪಟ್ಟಿಗಳು ಭಾರಕ್ಕೆ ಒತ್ತಿಕೊಂಡು ಕೂತಮೇಲೆ ಯು-ಬೋಲ್ಟು ಪುನಃ ಸಡಿಲವಾಗುವುದರಿಂದ, ನಾಲ್ಕು ದಿನ ಭಾರ ಹೊತ್ತು ಓಡಿದ ಮೇಲೆ ಗಾಡಿ ಮತ್ತೆ ತರಿಸಿ ಬಿಗಿ ಮಾಡಿದೆವು. ಪ್ರತಿ ನಟ್ಟೂ ಅರ್ಧ ಸುತ್ತು ಬಂತು. ತೆಗೆದ ಹಳೆಯ ಪಟ್ಟಿಗಳನ್ನು ಸದಸ್ಯರು ಗುಜರಿಗೆ ಕೊಡದೆ, ಕತ್ತಿ ಮಾಡಿಸಲು ಕುಲುಮೆಗೆ ಒಯ್ದಿದ್ದಾರೆ.