ಫೈಟ್‌ಗೆ ಮುಂಚೆ ಇಳಿಯೋದು ಕೊಬ್ಬಲ್ಲ, ನೀರು!

ಹೆಬ್ಬಾಳ, ಯಲಹಂಕ, ಆರ್.ಟಿ. ನಗರದಲ್ಲಿ ಬಾಕ್ಸಿಂಗ್ ಕಲೀತಿರೋರೇ, ಇದನ್ನ ಪೂರ್ತಿ ಕೇಳಿ.

ನಾಳೆ ಫೈಟ್. ತೂಕ 2 ಕೆ.ಜಿ. ಜಾಸ್ತಿ. ಊಟ ಬಂದ್, ನೀರು ಬಂದ್. ಸ್ವೆಟ್ ಸೂಟ್ ಹಾಕ್ಕೊಂಡು ಸ್ಕಿಪ್ಪಿಂಗ್. ಬಾಯಿ ಒಣಗಿದ್ರೂ ಎಂಜಲು ನುಂಗದೆ ಉಗೀತಾರೆ. ತೂಕ ಸರಿಹೋಯ್ತು. ಆದ್ರೆ ಒಂದೇ ರಾತ್ರೀಲಿ ಇಳಿದಿದ್ದು ಕೊಬ್ಬಲ್ಲ, ಮೈಯಲ್ಲಿರೋ ನೀರು.

ನೀರು ಕಮ್ಮಿಯಾದ್ರೆ ರಕ್ತದ ಪ್ರಮಾಣ ಇಳಿಯುತ್ತೆ. ಹೃದಯ ಜೋರಾಗಿ ಬಡ್ಕೊಳ್ಳುತ್ತೆ. ಮೈ ಕಾವು ಏರುತ್ತೆ, ಕಿಡ್ನಿ ಮೇಲೂ ಹೊರೆ ಬೀಳುತ್ತೆ. 60 ಕೆ.ಜಿ. ಬಾಕ್ಸರ್ 1.2 ಕೆ.ಜಿ. ನೀರು, ಅಂದ್ರೆ ಶೇ. 2 ಕಳ್ಕೊಂಡ್ರೇ ದಮ್ಮು ಕುಗ್ಗೋಕೆ ಶುರು. ರಿಫ್ಲೆಕ್ಸ್ ಮಂದ ಆದಾಗ್ಲೇ ತಲೆಗೆ ಏಟು ಬೀಳೋದು!

2015ರಲ್ಲಿ ಚೀನಾದ ಎಂಎಂಎ (ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್) ಫೈಟರ್ ಯಾಂಗ್ ಜಿಯಾನ್‌ಬಿಂಗ್ ತೂಕ ಇಳಿಸೋಕೆ ಹೋಗಿ ಪ್ರಾಣಾನೇ ಕಳ್ಕೊಂಡ್ರು. ವಯಸ್ಸು ಬರೀ 21. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ರಾತ್ರಿಯೆಲ್ಲ ಬೆವರು ಸುರಿಸಿ, ಕೂದಲು ಕತ್ತರಿಸಿದ್ರೂ ತೂಕ 100 ಗ್ರಾಂ ಜಾಸ್ತಿನೇ ಉಳೀತು. ಫೈನಲ್ ಕೈತಪ್ಪಿತು, ಆಸ್ಪತ್ರೆ ಸೇರಬೇಕಾಯ್ತು.

ತೂಕ ಇಳಿಸಲೇಬೇಕಾ? ವಾರಗಟ್ಟಲೆ ಮುಂಚೆಯಿಂದ, ನಿಧಾನವಾಗಿ ಇಳಿಸಿ. ಆಗ್ಲಿಲ್ವಾ, ಮೇಲಿನ ತೂಕದ ವಿಭಾಗದಲ್ಲಿ ಆಡಿ. ತಲೆಸುತ್ತು ಬಂದ್ರೆ, ಮೂತ್ರ ಕಡು ಹಳದಿ ಆದ್ರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ. ಕೋಚ್‌ಗಳೇ, ಅಪ್ಪ-ಅಮ್ಮಂದಿರೇ, ಪದಕಕ್ಕೋಸ್ಕರ ಬೆಳೆಯೋ ಮಕ್ಕಳಿಗೆ ನೀರು ತಪ್ಪಿಸಬೇಡಿ!